ಗಾಳಿರಾಟೆ ಬಿಚ್ಚಿದ ಕರಿಯಯ್ಯ

ಕೋಳಿ ಕೂಗಿ ಹೆಚ್ಚು ಹೊತ್ತಾಗಿಲ್ಲ. ಮಾದಿಹಳ್ಳಿಯ ಕೊನೆಯ ಬೀದಿಯ ಮನೆಯೊಂದರ ಹಿತ್ತಿಲಲ್ಲಿ ಆಗಲೇ ಸ್ಪ್ಯಾನರಿನ ಸದ್ದು ಶುರುವಾಗಿದೆ. ಆಳೆತ್ತರದ ಸ್ಟ್ಯಾಂಡಿನ ಮೇಲೆ ಹತ್ತಡಿ ಅಗಲದ ಕಬ್ಬಿಣದ ಚಕ್ರ. ಅದಕ್ಕೆ ಹದಿನೆಂಟು ತಗಡಿನ ರೆಕ್ಕೆ, ಹಿಂದಕ್ಕೆ ಉದ್ದನೆಯ ಬಾಲ. ಅರವತ್ತಮೂರು ವರ್ಷದ ಕರಿಯಯ್ಯ ಸ್ಟೂಲು ಹತ್ತಿ, ಒಂದೊಂದೇ ರೆಕ್ಕೆಯ ಬೋಲ್ಟು ಸಡಿಲಿಸಿ, ನಟ್ಟುಗಳನ್ನು ಸೀಮೆಎಣ್ಣೆಯ ಬೋಗುಣಿಗೆ ಹಾಕುತ್ತಿದ್ದಾರೆ. ಐದು ವರ್ಷ ಕೂತು ಜೋಡಿಸಿದ್ದನ್ನು ಇವತ್ತು ತಮ್ಮ ಕೈಯಾರೆ ಬಿಚ್ಚುತ್ತಿದ್ದಾರೆ.

ಹೆಂಡತಿ ಮಾರಮ್ಮ ಬಿಚ್ಚಿದ ರೆಕ್ಕೆಗಳನ್ನು ಎತ್ತಿ ಗೋಡೆಗೆ ಒರಗಿಸುತ್ತಾರೆ. ಸುಮ್ಮನೆ ಎತ್ತುವವರಲ್ಲ. "ಮದ್ವೆ ಆಗಿ ನಲವತ್ ವರ್ಷ ಆಯ್ತು. ನನ್ ತಲೆಗೆ ಈಯಪ್ಪ ಒಂದಿನ ಎಣ್ಣೆ ಹಚ್ಚಿಲ್ಲ. ಈ ರಾಟೆಗೆ ಹಚ್ಚಿರೋ ಎಣ್ಣೇಲಿ ಊರಿಗೆಲ್ಲಾ ಒಗ್ಗರಣೆ ಹಾಕ್ಬೋದಿತ್ತು," ಎನ್ನುತ್ತಾರೆ. ಕರಿಯಯ್ಯ ತಿರುಗಿ ನೋಡುವುದಿಲ್ಲ. "ಹತ್ ಗಂಟೆಗೆ ಜೀಪ್ ಬತ್ತೈತೆ ಮಾರಿ. ಮಾತು ಆಮ್ಯಾಕೆ," ಅಂದು ಮುಂದಿನ ಬೋಲ್ಟಿಗೆ ಕೈ ಹಾಕುತ್ತಾರೆ.

ಸರ್ಕಾರಿ ಇಲಾಖೆಯ ಜೀಪು ಬರುವುದು ಈ ಚಕ್ರಕ್ಕಾಗಿ. ಹಳೇಬೀಡಿಗೆ ಹೋಗುವ ರಸ್ತೆಯ ವೃತ್ತವೊಂದರಲ್ಲಿ ಇದನ್ನು ನಿಲ್ಲಿಸಿ, ಬಣ್ಣ ಬಳಿದು, ಪ್ರವಾಸಿಗರಿಗೆ ತೋರಿಸಬೇಕಂತೆ. ಕರಿಯಯ್ಯನವರಿಗೆ ಇರುವುದು ಒಂದೇ ಹಟ. ಇದು ಎಲ್ಲಿಂದ ಬಿತ್ತೋ ಅಲ್ಲಿಗೇ, ಬೋರೆಕಾವಲಿನ ಬಾವಿಯ ಮೇಲಕ್ಕೇ ಹೋಗಬೇಕು. ಹೋಗಿ ನೀರೆತ್ತಬೇಕು.

ಬೋರೆಕಾವಲು ಮಾದಿಹಳ್ಳಿಯಿಂದ ನಾಲ್ಕು ಮೈಲಿ. ಮಹಾರಾಜರ ಕಾಲದಲ್ಲಿ ಅದು ದನ ಮೇಯುವ ಹುಲ್ಲುಗಾವಲು. ಮೂವತ್ತರ ದಶಕದಲ್ಲಿ ಹಡಗಿನಲ್ಲಿ ಬಂದ ಈ ಯಂತ್ರವನ್ನು ಅಲ್ಲಿನ ಬಾವಿಯ ಮೇಲೆ ನಲವತ್ತಡಿ ಎತ್ತರದ ಕಬ್ಬಿಣದ ಗೋಪುರಕ್ಕೆ ಏರಿಸಿದರು. ಗಾಳಿಗೆ ಚಕ್ರ ತಿರುಗಿದರೆ ಕೆಳಗೆ ಪಂಪು ಆಡಿ, ದನದ ತೊಟ್ಟಿಗೆ ನೀರು ಬೀಳುತ್ತಿತ್ತು. ಸುತ್ತಲಿನ ಜನ ಅದನ್ನು ಗಾಳಿರಾಟೆ ಅಂದರು. ಅದಕ್ಕೆ ಎಣ್ಣೆ ಹಾಕುವ ಕೆಲಸ ಕರಿಯಯ್ಯನವರ ತಂದೆ ಕೆಂಚಯ್ಯನವರದು.

ಅಮಾವಾಸ್ಯೆಯ ದಿನ ನಮ್ಮ ಕಡೆ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಕೆಂಚಯ್ಯ ಆ ದಿನ ರಾಟೆಗೂ ರಜ ಕೊಡುತ್ತಿದ್ದರು. ಕೆಳಗಿನ ಹಿಡಿ ಎಳೆದರೆ ಬಾಲ ಮಡಚಿ, ಚಕ್ರ ಗಾಳಿಗೆ ಓರೆಯಾಗಿ ನಿಲ್ಲುತ್ತದೆ. ಆಗ ಮೇಲೆ ಹತ್ತಿ, ಗೇರು ಪೆಟ್ಟಿಗೆಯ ಮುಚ್ಚಳ ತೆಗೆದು, ರಾಗಿ ಹುಲ್ಲಿನ ಕಡ್ಡಿ ಇಳಿಬಿಡುವುದು. "ಕಡ್ಡಿಯ ಗೆಣ್ಣು ನೆಂದ್ರೆ ಎಣ್ಣೆ ಸಾಕು ಅಂತ. ನೆನೀದಿದ್ರೆ ಇನ್ನೊಂದ್ ಲೋಟ ಹುಯ್ಯೋದು. ಇಷ್ಟೇ ಕಣ್ರೀ ನಮ್ಮಪ್ಪನ ಇಂಜಿನಿಯರಿಂಗು. ಇಪ್ಪತ್ತಾರು ವರ್ಷ ಒಂದ್ ಹಲ್ಲು ಸವೀಲಿಲ್ಲ," ಎನ್ನುತ್ತಾರೆ ಕರಿಯಯ್ಯ.

ಇಪ್ಪತ್ತಾರು ವರ್ಷ, ತಿಂಗಳಿಗೊಂದು ಸಲ, ನಲವತ್ತಡಿ ಮೇಲೆ. ಆದರೆ ಕಾವಲು ನೋಡಿಕೊಳ್ಳುತ್ತಿದ್ದ ಇಲಾಖೆಯ ಯಾವ ದಾಖಲೆಯಲ್ಲೂ ಕೆಂಚಯ್ಯ ಎಂಬ ಹೆಸರಿಲ್ಲ. ಕರಿಯಯ್ಯ ಹುಡುಕಿಸಿ ನೋಡಿದ್ದಾರೆ. "ಗಾಳಿಯಂತ್ರದ ನಿರ್ವಹಣೆ: ಇಲಾಖೆಯಿಂದಲೇ" ಎಂದು ವರ್ಷ ವರ್ಷವೂ ಬರೆದುಕೊಂಡಿದ್ದಾರೆ, ಪುಣ್ಯಾತ್ಮರು! ಅದಾದರೂ ಹೋಗಲಿ. ಆ ತೊಟ್ಟಿಯ ನೀರನ್ನು ಕೆಂಚಯ್ಯ ಮುಟ್ಟುವಂತಿರಲಿಲ್ಲ. ಗೋಪುರದಿಂದ ಇಳಿದು ಬಾಯಾರಿ ಬಂದರೆ ದೂರ ನಿಂತು ಬೊಗಸೆ ಒಡ್ಡಬೇಕು, ಕಾವಲುಗಾರ ಮೇಲಿನಿಂದ ಹುಯ್ಯಬೇಕು. ಕಾವಲುಗಾರನಿಗೆ ಬಿಡುವಿಲ್ಲದಿದ್ದರೆ ಕಾಯಬೇಕು. ದನ ಬಂದು ಬಾಯಿ ಹಾಕಿ ಕುಡಿದು ಹೋಗುತ್ತಿತ್ತು. "ನೀರು ಮೇಲೆತ್ತೋನು ಅವ್ನು. ಮುಟ್ಟಂಗಿಲ್ದೋನೂ ಅವ್ನೇ," ಎಂದು ಹೇಳುವಾಗ ಕರಿಯಯ್ಯನವರ ಕೈಯ ಸ್ಪ್ಯಾನರು ನಿಲ್ಲುತ್ತದೆ.

ಕೆಂಚಯ್ಯ 1980ರಲ್ಲಿ ತೀರಿಕೊಂಡರು. ಹೊಸದಾಗಿ ಬಂದ ಅಧಿಕಾರಿಯೊಬ್ಬರು ಅಮಾವಾಸ್ಯೆಗೆ ಯಂತ್ರ ನಿಲ್ಲಿಸುವುದು ಮೂಢನಂಬಿಕೆ ಎಂದು ಆ ಪದ್ಧತಿಯನ್ನೇ ನಿಲ್ಲಿಸಿದರು. ನಿಲ್ಲಿಸುವುದನ್ನು ನಿಲ್ಲಿಸಿದ ಮೇಲೆ ಹತ್ತುವವರೂ ಇಲ್ಲ, ಕಡ್ಡಿ ಇಳಿಬಿಡುವವರೂ ಇಲ್ಲ. ಕೊನೆಗೊಬ್ಬ ಕಂಟ್ರಾಕ್ಟರು ಬಂದು, ತಿಂಗಳು ತಿಂಗಳೂ ಯಾರು ಹತ್ತುತ್ತಾರೆಂದು ಗೇರು ಪೆಟ್ಟಿಗೆಯ ತುಂಬ ಟ್ರ್ಯಾಕ್ಟರಿನ ಗ್ರೀಸು ಮೆತ್ತಿ ಹೋದ. ಎಣ್ಣೆಯಾದರೆ ತಿರುಗುವ ಗೇರಿನ ಜೊತೆ ತಾನೂ ಮೇಲಕ್ಕೆ ಏರಿ ಎಲ್ಲ ಹಲ್ಲನ್ನೂ ನೆನೆಸುತ್ತದೆ. ಗ್ರೀಸು ಇದ್ದಲ್ಲೇ ಇರುತ್ತದೆ. ಗೇರು ಅದರೊಳಗೆ ತನ್ನ ದಾರಿ ಕೊರೆದುಕೊಂಡು ಒಣಗಿಯೇ ಸುತ್ತಿತು. ಮರು ವರ್ಷದ ಆಷಾಢದ ಗಾಳಿಗೆ ಹಲ್ಲು ಕಚ್ಚಿ ನಿಂತು, ಚಕ್ರ ಕಿತ್ತು ಕೆಳಗೆ ಬಿತ್ತು. ಇಲಾಖೆಯ ಕಡತದಲ್ಲಿ ಏನಿದೆ ಗೊತ್ತೆ? "ಗಾಳಿಯ ರಭಸದಿಂದ." ತಪ್ಪು ಗಾಳಿಯದು!

ಹದಿನೇಳು ವರ್ಷ ಅದು ಲಂಟಾನದ ಪೊದೆಯಲ್ಲಿ ಬಿದ್ದಿತ್ತು. ಕರಿಯಯ್ಯ ಅಷ್ಟು ಹೊತ್ತಿಗೆ ಅರಸೀಕೆರೆಯ ರೈಲ್ವೆ ಲೋಕೋ ಶೆಡ್ಡಿನಲ್ಲಿ ಖಲಾಸಿಯಾಗಿ ಸೇರಿ ಫಿಟ್ಟರಾಗಿದ್ದರು. ಉಗಿಬಂಡಿಯ ಹೊಟ್ಟೆಯೊಳಗೆ ಕೈಯಿಟ್ಟು ಕೆಲಸ ಕಲಿತವರು. 1998ರಲ್ಲಿ ನಿವೃತ್ತಿಯಾದ ತಿಂಗಳೇ ಸುದ್ದಿ ಬಂತು. ಇಲಾಖೆಯವರು ಬೇಲಿತಂತಿ, ಮುರುಕು ಗೇಟುಗಳ ಜೊತೆ ರಾಟೆಯನ್ನೂ ಹರಾಜು ಹಾಕಿದ್ದಾರೆ, ಅರಸೀಕೆರೆಯ ಗುಜರಿ ಅಂಗಡಿಗೆ ಹೋಗಿದೆ. ಅಲ್ಲಿಗೆ ಓಡಿದರೆ ಗೇರು ಪೆಟ್ಟಿಗೆಯ ಮುಂದೆ ಆಳು ಸುತ್ತಿಗೆ ಹಿಡಿದು ನಿಂತಿದ್ದಾನೆ. "ನಾನು ಹೋದೋನೇ ಅದ್ರ ಮ್ಯಾಲೆ ಕೂತ್ಕಂಡೆ. ಒಡಿಯೋದಾದ್ರೆ ನನ್ನೂ ಸೇರಿಸ್ಕಂಡು ಒಡೀರಿ ಅಂದೆ. ಅಂಗಡಿ ಸಾಬರು ನಕ್ಕುಬಿಟ್ರು. ಟೀ ತರಿಸಿ ಕೊಟ್ರು. ಸಂಜೆ ಮಟ ಕೂತಿದ್ದೆ." ಕೊನೆಗೆ ತೂಕಕ್ಕೆ ಹಾಕಿ ಕೊಟ್ಟರು. ರಸೀತಿ ಇವತ್ತಿಗೂ ಮಾರಮ್ಮನ ಬಿಸ್ಕತ್ತಿನ ಡಬ್ಬಿಯಲ್ಲಿದೆ: ಹಳೆ ಕಬ್ಬಿಣ, ನಾಲ್ಕು ಕ್ವಿಂಟಲ್ ಹದಿನೆಂಟು ಕೆ.ಜಿ.

ಅಲ್ಲಿಂದ ಮುಂದಿನದು ಬರೀ ದುಡಿಮೆ. ಬೆಳಿಗ್ಗೆ ಐದಕ್ಕೆ ಹಿತ್ತಿಲಿನ ಶೆಡ್ಡು, ಮಧ್ಯಾಹ್ನ ಮುದ್ದೆ, ಮತ್ತೆ ಶೆಡ್ಡು. ಒಣಗಿ ಕಲ್ಲಾಗಿದ್ದ ಗ್ರೀಸು ಕೆರೆಯುವುದಕ್ಕೇ ಎರಡು ತಿಂಗಳು ಹಿಡಿಯಿತು. ಸವೆದ ಹಲ್ಲುಗಳು ನಲವತ್ತೊಂದು. ಒಂದೊಂದಕ್ಕೂ ಹಿತ್ತಾಳೆ ಕರಗಿಸಿ ತುಂಬಿ, ಅರದಿಂದ ಉಜ್ಜಿ, ಕೂಡಿಸಿ ನೋಡಿ, ಮತ್ತೆ ಉಜ್ಜಬೇಕು. ಒಂದು ಹಲ್ಲಿಗೆ ನಾಲ್ಕು ದಿನ. ರೆಕ್ಕೆಯ ಬಾಗು ನೋಡಲು ಹಲಸಿನ ಹಲಗೆಯಲ್ಲಿ ಅಚ್ಚು ಕೊಯ್ದುಕೊಂಡರು. ಅಚ್ಚಿಗೂ ತಗಡಿಗೂ ನಡುವೆ ಬೆಳಕು ನುಸುಳಿದರೆ ಆ ರೆಕ್ಕೆ ಮತ್ತೆ ಮರದ ಸುತ್ತಿಗೆಗೆ. ಪಂಪಿನ ತೊಗಲಿನ ವಾಷರುಗಳು ಮಾರಮ್ಮನ ಪಾಲಿನ ಕೆಲಸ. ಹರಳೆಣ್ಣೆಯಲ್ಲಿ ಮೂರು ದಿನ ನೆನೆಸಿ, ಲೋಟದ ಬಾಯಿಗೆ ಕಟ್ಟಿ ಬಟ್ಟಲಿನ ಆಕಾರಕ್ಕೆ ತರುವುದನ್ನು ಅವರೇ ಕಂಡುಕೊಂಡರು. "ಅವ್ರು ಮಾಡಿದ್ ವಾಷರು ಸೋರ್ತಿತ್ತು," ಎಂದು ಗಂಡನ ಎದುರಿಗೇ ಹೇಳುತ್ತಾರೆ.

ಬೋರೆಕಾವಲಿನ ಅಂಚಿನಲ್ಲಿ ಈಗ ಅರವತ್ತು ಮನೆಗಳಿವೆ, ಕರಿಯಯ್ಯನವರ ನೆಂಟರಿಷ್ಟರೇ ಹೆಚ್ಚು. ಬೋರ್‌ವೆಲ್ ಇದೆ, ಕರೆಂಟು ದಿನಕ್ಕೆ ಎರಡು ಮೂರು ಗಂಟೆ, ಅದೂ ಯಾವಾಗೆಂದು ದೇವರಿಗೇ ಗೊತ್ತು. ಪಕ್ಕದಲ್ಲೇ ಹಳೆಯ ಬಾವಿಯಲ್ಲಿ ಬೇಸಿಗೆಯಲ್ಲೂ ನೀರಿದೆ. ಗುಜರಿಯವರಿಗೆ ಕೀಳಲಾಗದೆ ಬಿಟ್ಟ ಗೋಪುರ ಅದರ ಮೇಲೆ ಗಟ್ಟಿಯಾಗಿ ನಿಂತಿದೆ. ಗಾಳಿಗಂತೂ ಅಲ್ಲಿ ಬರವಿಲ್ಲ. ಪಂಚಾಯಿತಿ ಸದಸ್ಯೆ ಚಲುವಮ್ಮ ಹಟ ಹಿಡಿದು ಬಾವಿ ದುರಸ್ತಿಗೆ ಠರಾವು ಮಾಡಿಸಿದರು.

ಅಷ್ಟರಲ್ಲಿ ಹಿತ್ತಿಲಲ್ಲಿ ರಾಟೆ ತಿರುಗಿದ ಸುದ್ದಿ ಇಲಾಖೆಯ ಕಚೇರಿಗೆ ಮುಟ್ಟಿತು. ಇಪ್ಪತ್ತೆರಡು ವರ್ಷ ಕಣ್ಣೆತ್ತಿ ನೋಡದವರಿಗೆ ಒಮ್ಮೆಲೇ ಪ್ರೀತಿ ಉಕ್ಕಿತು. ಕಳೆದ ವಾರ ಬಂದ ಅಧಿಕಾರಿ ಚಕ್ರದ ಸುತ್ತ ಎರಡು ಸುತ್ತು ಬಂದು, ವೃತ್ತದಲ್ಲಿ ನಿಲ್ಲಿಸುವ ಯೋಜನೆ ಹೇಳಿದರು. ಯಾರಿಗೂ ತಗುಲದ ಹಾಗೆ ಚಕ್ರವನ್ನು ವೆಲ್ಡ್ ಮಾಡಿಬಿಡುತ್ತಾರಂತೆ. ಕರಿಯಯ್ಯ ಕೇಳಿದರು: "ಎಣ್ಣೆ ಯಾರ್ ಹಾಕ್ತಾರೆ ಸ್ವಾಮಿ?" ಅಧಿಕಾರಿ ನಕ್ಕರು: "ತಿರುಗೋದೇ ಇಲ್ಲ ಅಂದ್ಮೇಲೆ ಎಣ್ಣೆ ಯಾಕಪ್ಪ?"

ಕೊಡುವುದಿಲ್ಲ ಎಂದಿದ್ದಕ್ಕೆ ನೋಟಿಸು ಬಂತು. ಅದನ್ನು ಓದಿದರೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯುವುದಿಲ್ಲ. "ಇಲಾಖೆಯು ಮಾರಾಟ ಮಾಡಿರುವುದು ಹಳೆ ಕಬ್ಬಿಣವನ್ನು ಮಾತ್ರ. ಗಾಳಿಯಂತ್ರವನ್ನು ಮಾರಾಟ ಮಾಡಿರುವುದಿಲ್ಲ. ಆದ್ದರಿಂದ ತಮ್ಮ ಹಿತ್ತಿಲಿನಲ್ಲಿರುವ ಗಾಳಿಯಂತ್ರವು ಇಲಾಖೆಯ ಸ್ವತ್ತಾಗಿರುತ್ತದೆ." ಅಂದರೆ ಹಾಳಾಗಿರುವವರೆಗೆ ಕರಿಯಯ್ಯನದು, ರಿಪೇರಿಯಾದ ಕೂಡಲೇ ಸರ್ಕಾರದ್ದು! ಎಂಥಾ ನ್ಯಾಯವಪ್ಪಾ ಇದು! ಮಾರಮ್ಮ ಎರಡು ದಿನ ಒಲೆಯ ಮುಂದೆ ಕೂತು ಬೈದರು. ಕರಿಯಯ್ಯ ಮಾತ್ರ ನೋಟಿಸನ್ನು ಮೂರು ಸಲ ಓದಿಸಿ ಕೇಳಿ, ಇವತ್ತು ಬೆಳಿಗ್ಗೆ ಸ್ಪ್ಯಾನರು ಹಿಡಿದರು.

ಜೀಪು ಬಂದಾಗ ಹತ್ತೂಕಾಲು. ಹಿತ್ತಿಲಲ್ಲಿ ಹದಿನೆಂಟು ರೆಕ್ಕೆ ಒಂದು ಕಡೆ, ಗೇರುಗಳು ಗೋಣಿತಾಟಿನ ಮೇಲೆ, ಬಾಲ ಗೋಡೆಗೆ, ಬೋಗುಣಿಯಲ್ಲಿ ನಟ್ಟು ಬೋಲ್ಟು. ಅಧಿಕಾರಿ ಸುತ್ತ ನೋಡಿದರು. "ಎಲ್ರೀ ವಿಂಡ್‌ಮಿಲ್ಲು?"

"ಯಾವ ವಿಂಡ್‌ಮಿಲ್ಲು ಸ್ವಾಮಿ? ಇದು ಹಳೆ ಕಬ್ಬಿಣ. ರಸೀತಿ ಐತೆ. ಬೇಕಾದ್ರೆ ತೂಕ ಹಾಕಿಸ್ಕಳಿ."

"ತಮಾಷೆ ಬೇಡ. ಮೊನ್ನೆ ಇಲ್ಲೇ ತಿರುಗ್ತಿತ್ತು. ಮತ್ತೆ ಜೋಡ್ಸಿ."

"ನಿಮ್ಮ ಇಲಾಖೆಯೋರೇ ಜೋಡಿಸ್ಲಿ ಸ್ವಾಮಿ. ಇಪ್ಪತ್ತಾರು ವರ್ಷ ನೀವೇ ನೋಡ್ಕಂಡಿದ್ದು ಅಂತ ದಾಖಲೇಲಿ ಐತಲ್ಲ."

ಅಧಿಕಾರಿಯ ಮುಖ ಕೆಂಪಾಯಿತು. ಜೊತೆಗೆ ಬಂದಿದ್ದ ಇಬ್ಬರು ಆಳುಗಳು ಗೇರುಗಳ ರಾಶಿ ನೋಡಿ ಹಿಂದೆ ಸರಿದರು. ಆಗ ಚಲುವಮ್ಮ ಮುಂದೆ ಬಂದು, "ಕಂಡಿದ್ದು ಬರ್ದು ಸೈನ್ ಹಾಕಿ ಸಾರ್. ಸುಳ್ಳು ಬರೀರಿ ಅಂತ ನಾವೇನೂ ಹೇಳ್ತಿಲ್ಲ," ಎಂದರು. ಬೀದಿಯ ಜನವೆಲ್ಲ ಬೇಲಿಗೆ ಸೇರಿತ್ತು. ಬೇರೆ ದಾರಿ ಕಾಣದೆ ಅಧಿಕಾರಿ ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಬರೆದರು: "ಸ್ಥಳ ಪರಿಶೀಲಿಸಲಾಗಿ ಯಾವುದೇ ಗಾಳಿಯಂತ್ರ ಕಂಡುಬಂದಿರುವುದಿಲ್ಲ. ಹಳೆ ಕಬ್ಬಿಣ ಮಾತ್ರ ಇರುತ್ತದೆ." ಚಲುವಮ್ಮ ನಕಲು ಕೇಳಿ ಪಡೆದರು. ಅದೂ ಬಿಸ್ಕತ್ತಿನ ಡಬ್ಬಿ ಸೇರಿದೆ.

ನಾಳೆ ಅಮಾವಾಸ್ಯೆ. ಬೋರೆಕಾವಲಿನಲ್ಲಿ ಯಾರೂ ನೇಗಿಲು ಕಟ್ಟುವುದಿಲ್ಲ, ಕೈಗಳೆಲ್ಲ ಬಿಡುವಾಗಿರುತ್ತವೆ. ಇವತ್ತು ಸಂಜೆಯೇ ಕಬ್ಬಿಣ ಗಾಡಿ ಏರುತ್ತದೆ. ನಾಳೆ ಗೋಪುರದ ಮೇಲೆ ಜೋಡಿಸುವುದು, ಗೆಣ್ಣು ನೆನೆಯುವಷ್ಟು ಎಣ್ಣೆ ಹುಯ್ಯುವುದು, ನಾಳಿದ್ದು ಬೆಳಿಗ್ಗೆ ಹಿಡಿ ಬಿಡುವುದು. ಇಲಾಖೆಯವರು ಅಲ್ಲಿಗೂ ಬಂದರೆ? "ಬರ್ಲಿ. ಕುಡೀತಿರೋ ಜನದ ಬಾಯಿಂದ ಪೈಪ್ ಕಿತ್ಕಳೋ ಧೈರ್ಯ ಇದ್ರೆ ಕಿತ್ಕಳ್ಲಿ," ಎನ್ನುತ್ತಾರೆ ಕರಿಯಯ್ಯ.

ಗೋಪುರಕ್ಕೆ ನಿಮ್ಮ ಹೆಸರು, ನಿಮ್ಮ ತಂದೆಯ ಹೆಸರಿನ ಫಲಕ ಬೇಡವೆ ಎಂದು ಕೇಳಿದರೆ, ಬೋಗುಣಿಯ ನಟ್ಟುಗಳನ್ನು ಬಟ್ಟೆಯಲ್ಲಿ ಒರೆಸುತ್ತ ಅವರು ಬೇಡವೆಂದು ತಲೆಯಾಡಿಸುತ್ತಾರೆ. ಹೆಸರು ಬರೆದರೆ ಬಿಸಿಲಿಗೆ ಬಣ್ಣ ಹೋಗುತ್ತದಂತೆ. ಬೇಕಾಗಿರುವುದು ಬೇರೆ.

"ಮೊದಲ್ನೇ ನೀರು ದನಕ್ಕೆ ಹೋಗ್ಲಿ. ಅದಕ್ಕೇ ಅಲ್ವಾ ರಾಟೆ ಕಟ್ಟಿದ್ದು. ಆಮ್ಯಾಕೆ ನಾನು ಬಗ್ಗಿ, ಪೈಪಿಗೇ ಬಾಯಿ ಹಚ್ಚಿ, ಹೊಟ್ಟೆ ತುಂಬ ಕುಡೀಬೇಕು. ನಮ್ಮಪ್ಪ ಎತ್ತಿದ ನೀರು ಕಣ್ರೀ ಅದು. ಯಾರೂ ಮೇಲಿಂದ ಹುಯ್ಯೋದು ಬ್ಯಾಡ."