ಕಾಲು ತಾಗಿದರೆ

ನಿಲಂಗಾದ ನಮ್ಮ ಶಾಲೆಯ ಮೈದಾನದಲ್ಲಿ ಸಂಜೆ ಐದರ ಹೊತ್ತಿಗೆ ಬಾಸ್ಕೆಟ್‌ಬಾಲ್ ರಿಂಗಿನ ನೆರಳು ಉದ್ದಕ್ಕೆ ಬಿದ್ದು ಗೋಡೆ ಹತ್ತುತ್ತಿತ್ತು. ಈಗಲೂ ಕಣ್ಣು ಮುಚ್ಚಿದರೆ ಮೊದಲು ಬರುವುದು ಆ ನೆರಳು, ಆಮೇಲೆ ಅದರ ಕೆಳಗೆ ಓಡಾಡುವ ಹತ್ತು ಜೊತೆ ಕಾಲುಗಳು. ಮುಖಗಳು ಕೊನೆಗೆ ಬರುತ್ತವೆ.

ಕಾಲು ನೋಡುವ ಚಟ ನನಗೆ ಮನೆಯಿಂದ ಬಂದದ್ದು. ನಮ್ಮದು ಜಂಗಮರ ಮನೆ. ಅಪ್ಪ ಪೂಜೆಗೆ ಹೋದಲ್ಲೆಲ್ಲ ಜನ ಅವರ ಕಾಲಿಗೆ ಬೀಳುತ್ತಿದ್ದರು. ಪಕ್ಕದಲ್ಲಿ ನಿಂತ ನಾನೂ ಕಾಲನ್ನೇ ನೋಡುತ್ತಿದ್ದೆ. ಮುಂದೆ ಆಟದ ಟೀಚರ್ ಆದಾಗ ಹುಡುಗಿಯರಿಗೆ ಹೇಳಿಕೊಟ್ಟದ್ದೂ ಅದನ್ನೇ. ಚೆಂಡು ಮೋಸ ಮಾಡುತ್ತದೆ, ಎದುರಿನವಳ ಕಾಲು ನೋಡಿ. ಅದು ಎತ್ತ ತಿರುಗುತ್ತದೋ ಅವಳು ಅತ್ತಲೇ ಹೋಗುತ್ತಾಳೆ. ಡಿಫೆನ್ಸ್ ಎಂದರೆ ಸೋಯಾಬೀನ್ ಹೊಲದಲ್ಲಿ ಕಳೆ ತೆಗೆದ ಹಾಗೆ. ನಿಮ್ಮ ಸಾಲು ನಿಮ್ಮದು, ಆದರೆ ಪಕ್ಕದವಳು ಹಿಂದೆ ಬಿದ್ದರೆ ಅವಳ ಸಾಲಿಗೂ ಕೈ ಹಾಕಬೇಕು. ದಾಳಿಗೆ ಒಂದೇ ಮಾತು: ಪಾಸ್ ಕೊಟ್ಟು ನೋಡುತ್ತ ನಿಲ್ಲಬೇಡಿ, ಓಡಿ. ಒಕ್ಕಲುತನದ ಮನೆಯ ಹುಡುಗಿಯರು, ಹೊಲದ ಮಾತು ತಟ್ಟನೆ ಹಿಡಿಯುತ್ತಿದ್ದರು.

ಔರಾದ ಶಹಾಜನಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬಳು ಎಲ್ಲರಿಗಿಂತ ಚುರುಕು. ಆದರೆ ಅವಳ ಕಾಲು ಯಾರಿಗಾದರೂ ತಾಗಿತೋ, ಮುಗಿಯಿತು. ಆಟದ ನಡುವೆಯೇ ಬಗ್ಗಿ, ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವಳು. ಅಷ್ಟರಲ್ಲಿ ಚೆಂಡು ರಿಂಗಿನೊಳಗೆ ಬಿದ್ದಿರುತ್ತಿತ್ತು.

“ಏನವ್ವಾ, ಇಲ್ಲಿ ಪೂಜಿಗೆ ಬಂದೀಯೋ, ಆಟಕ್ಕ ಬಂದೀಯೋ?” ಎಂದು ರೇಗುತ್ತಿದ್ದೆ.

“ಕಾಲು ತಾಗ್ತಲ್ರೀ ಮ್ಯಾಡಮ್. ಕೈ ತಾನೇ ಹೋಗ್ತದ.”

“ತಾಗಿದ್ರ ತಾಗ್ಲಿ. ನಾ ಹೇಳೋತನಕ ಯಾರ ಕಾಲೂ ಮುಟ್ಟಬ್ಯಾಡ.”

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಆ ವರ್ಷ ಜೊತೆಗೆ ಹೆದರಿಕೆಯೂ ಇತ್ತು. ಉದಗೀರದ ಪಂದ್ಯದಲ್ಲಿ ಸೋತರೆ ಹುಡುಗಿಯರ ತಂಡವೇ ಬೇಡ ಎಂದು ಹೆಡ್‌ಮಾಸ್ತರು ಹೇಳಿಬಿಟ್ಟಿದ್ದರು. ಹಾಗಾಗಿ ಅಭ್ಯಾಸದಲ್ಲಿ ಬೇಕೆಂದೇ ಅವಳ ಕಾಲು ಬೇರೆಯವರಿಗೆ ತಾಗುವಂತೆ ಮಾಡಿದೆ. ಬಗ್ಗಿದಾಗಲೆಲ್ಲ ಮೈದಾನ ಒಂದು ಸುತ್ತು ಓಡಿಸಿದೆ. ತಿಂಗಳೊಪ್ಪತ್ತಿನಲ್ಲಿ ಅವಳ ಕೈ ನಿಂತಿತು.

ಉದಗೀರದ ಆಟ ನನ್ನ ನೆನಪಿನಲ್ಲಿ ಸದ್ದಿಲ್ಲದೆ ನಡೆಯುತ್ತದೆ. ನಾವು ಒಂದು ಅಂಕ ಹಿಂದೆ. ಉಳಿದದ್ದು ಕೆಲವೇ ಕ್ಷಣ. ಚೆಂಡು ಅವರ ಕಡೆಯ ಎತ್ತರದ ಹುಡುಗಿಯ ಕೈಯಲ್ಲಿತ್ತು. ನಮ್ಮ ಔರಾದದವಳು ಅವಳ ಕಾಲನ್ನೇ ನೋಡುತ್ತ ಅಡ್ಡ ನಿಂತಳು. ಆ ಹುಡುಗಿ ತಿರುಗುವಾಗ ನಮ್ಮವಳ ಪಾದ ತುಳಿದಳು. ತುಳಿದವಳೇ ಚೆಂಡನ್ನು ಸೊಂಟಕ್ಕೆ ಒತ್ತಿಕೊಂಡು, ಬಗ್ಗಿ, ನಮ್ಮವಳ ಬೂಟು ಮುಟ್ಟಿದಳು. ಬೆರಳು ಇನ್ನೂ ಕಣ್ಣಿಗೆ ತಲುಪಿರಲಿಲ್ಲ, ನಮ್ಮವಳು ಚೆಂಡು ಕಿತ್ತುಕೊಂಡು ಓಡಿದ್ದಳು. ಚೆಂಡು ರಿಂಗಿನೊಳಗೆ ಬೀಳುವುದಕ್ಕೂ ಕೊನೆಯ ಸೀಟಿಗೂ ಸರಿಹೋಯಿತು. ನಾನು ಕುಣಿದೆ, ಸುಳ್ಳು ಯಾಕೆ ಹೇಳಲಿ. ಆ ಎತ್ತರದ ಹುಡುಗಿ ಮಾತ್ರ ಅಲ್ಲೇ ನಿಂತು ತನ್ನ ಕೈ ನೋಡಿಕೊಳ್ಳುತ್ತಿದ್ದಳು.

ವಾಪಸ್ಸು ಬರುವಾಗ ಬಸ್ಸಿನ ಕಿಟಕಿಯಾಚೆ ಹೂಬಿಟ್ಟ ತೊಗರಿ ಹೊಲಗಳು ಹಳದಿಯಾಗಿ ತೇಲುತ್ತಿದ್ದವು. ಹುಡುಗಿಯರು ಮರಾಠಿ ಹಾಡು ಹಾಡಿ ಹಾಡಿ ದಣಿದು ತೂಕಡಿಸುತ್ತಿದ್ದರು. ನನಗೂ ಜೋಂಪು ಹತ್ತಿತ್ತು. ಔರಾದದವಳು ನನ್ನ ಪಕ್ಕದಲ್ಲೇ ಕೂತಿದ್ದಳು. ಔರಾದ ಹತ್ತಿರ ಬ್ರೇಕ್ ಬಿದ್ದಾಗ ಅವಳ ಬೂಟು ನನ್ನ ಪಾದಕ್ಕೆ ಬಡಿಯಿತು. ಅವಳ ಕೈ ಅರ್ಧಕ್ಕೆ ಇಳಿದು ನಿಂತಿತು. ಮುಖ ಎತ್ತಿ ನನ್ನನ್ನು ಕೇಳಿದಳು:

“ಮ್ಯಾಡಮ್, ಈಗ ಮುಟ್ಲೇನ್ರೀ?”

“ಮುಟ್ಟವ್ವಾ, ಆಟ ಮುಗದದ” ಎಂದೆ. ಅವಳು ನಿಧಾನಕ್ಕೆ ಬಗ್ಗಿ ಮುಟ್ಟಿದಳು.

ತಂಡ ಉಳಿಯಿತು, ಇವತ್ತಿಗೂ ಇದೆ. ಆದರೆ ಕೇಳದೆ ತಾನೇ ಹೋಗುತ್ತಿದ್ದ ಕೈ ಅದು. ಕೇಳುವುದನ್ನು ಕಲಿಸಿದವಳು ನಾನು.