ಎರಡು ಸಲ ಬೆಂದ ಬಿಸ್ಕತ್ತು

ಭಾಸ್ಕರಣ್ಣ ಅಂದು ನನ್ನ ಮಾತಿಗೆ ತಲೆದೂಗಿದರೋ, ತಲೆ ಕೆರೆದುಕೊಂಡರೋ, ಪ್ರಮಾಣ ಮಾಡಿ ಹೇಳಲಾರೆ. ಭಾಷಾವಿಜ್ಞಾನ ಓದಿ ಈ ಕೊಲ್ಲಿ ದ್ವೀಪದ ವಿಮಾ ಕಚೇರಿಯಲ್ಲಿ ಕೂತಿರುವವನು ನಾನು. ಸಾಕ್ಷಿಗಳನ್ನು ನಂಬುವುದಿಲ್ಲ, ಅದರಲ್ಲೂ ಸಾಕ್ಷಿ ನಾನೇ ಆಗಿದ್ದರೆ. ನಿನ್ನೆ ಹೂರಾ ಬಡಾವಣೆಯ ಗಲ್ಲಿಯಲ್ಲಿ ಏಲಕ್ಕಿ, ಬೆಣ್ಣೆ ಬೇಯುವ ವಾಸನೆ ಮೂಗಿಗೆ ಬಡಿದದ್ದೇ ತಡ, ಕಾಲುಗಳು ತಾವಾಗಿ ರಸ್ತೆಯ ಆಚೆ ಬದಿಗೆ ದಾಟಿದವು. ಎರಡು ವರ್ಷದಿಂದ ಅವು ಹಾಗೇ ದಾಟುತ್ತಿವೆ. ಆ ವಾಸನೆ ಭಾಸ್ಕರಣ್ಣನ ಬೇಕರಿಯದು.

ಕುಂದಾಪುರ ಕಡೆಯ ಭಾಸ್ಕರಣ್ಣ ಮೂವತ್ತು ವರ್ಷ ಓವನ್ನಿನ ಮುಂದೆ ನಿಂತವರು. ಬಿಸ್ಕತ್ತು ಬೆಂದದ್ದು ಅವರಿಗೆ ಗಡಿಯಾರದಿಂದಲ್ಲ, ಮೂಗಿನಿಂದ ತಿಳಿಯುತ್ತಿತ್ತು. ಪ್ರತಿ ಶುಕ್ರವಾರ ಬೆಳಿಗ್ಗೆ ಅವರ ಕೌಂಟರಿನ ಪಕ್ಕದ ಸ್ಟೂಲಿನಲ್ಲಿ ಕೂತು ಕರಕ್ ಚಹಾ ಕುಡಿಯುತ್ತ ಅವರ ಕೆಲಸ ಕೆಡಿಸುವುದು ನನ್ನ ರೂಢಿ. ಈ ದ್ವೀಪದಲ್ಲಿ ಯಾವ ಕೆಲಸವೂ ಇಲ್ಲದೆ ನಾನು ಹೋಗಿ ನೋಡುತ್ತಿದ್ದ ಮನುಷ್ಯ ಅವರೊಬ್ಬರೇ.

ಒಂದು ಶುಕ್ರವಾರ ನಾನು ಬಿಸ್ಕತ್ತು ಎಂಬ ಪದದ ಮೂಲಕ್ಕೆ ಕೈ ಹಾಕಿದೆ. ಲ್ಯಾಟಿನ್ನಿನಲ್ಲಿ ಅದು ‘ಎರಡು ಸಲ ಬೆಂದದ್ದು’. ಹಡಗಿನವರು ತಿಂಗಳುಗಟ್ಟಲೆ ಕೆಡದಿರಲೆಂದು ರೊಟ್ಟಿಯನ್ನು ಮತ್ತೆ ಒಣಗಿಸಿ ಒಯ್ಯುತ್ತಿದ್ದರು. ಇಟಲಿಯವರು ಬಿಸ್ಕೊತ್ತೊ ಎಂದರು. ಜರ್ಮನರು ಯಾರ ಹಂಗೂ ಬೇಡವೆಂದು ತಮ್ಮದೇ ‘ಎರಡು’, ತಮ್ಮದೇ ‘ಬೇಯಿಸು’ ಕೂಡಿಸಿ ತ್ಸ್ವೀಬಾಕ್ ಮಾಡಿಕೊಂಡರು. ಇಂಗ್ಲಿಷರು ಮಾತ್ರ ಹೆಸರನ್ನಿಟ್ಟುಕೊಂಡು ಎರಡನೆಯ ಸಲ ಬೇಯಿಸುವುದನ್ನು ಕೈಬಿಟ್ಟರು.

“ಹಾಗಾದ್ರೆ ನಾನು ಮಾಡುದು ಬಿಸ್ಕತ್ತೇ ಅಲ್ವಾ ಸಾರ್?” ಎಂದರು ಭಾಸ್ಕರಣ್ಣ.

“ಶಾಸ್ತ್ರಪ್ರಕಾರ ಅಲ್ಲ ಭಾಸ್ಕರಣ್ಣ,” ಎಂದೆ. ಇಷ್ಟೇ ಎಂದೆನೆಂದು ನನ್ನ ನೆನಪು.

“ಇಲ್ಲ, ‘ನೀವೂ ಎರಡು ಸಲ ಬೇಯ್ಸಿ ನೋಡಿ’ ಅಂದ್ರಿ. ಬೆರಳೆತ್ತಿ ಅಂದ್ರಿ,” ಎಂದು ಈಗಲೂ ಹೇಳುತ್ತಾಳೆ, ಅಂದು ಅಲ್ಲೇ ಬ್ರೆಡ್ ಕೊಳ್ಳುತ್ತಿದ್ದ ನನ್ನ ಹೆಂಡತಿ.

ಮರುವಾರ ನಮ್ಮವರ ಯುಗಾದಿ ಕೂಟಕ್ಕೆ ನಾಲ್ಕು ಟ್ರೇ ಬಿಸ್ಕತ್ತು ಬಂತು. ಓದಿದವರ ಮಾತು ಎಂಬ ಒಂದೇ ಕಾರಣಕ್ಕೆ, ಮೂವತ್ತು ವರ್ಷದ ಮೂಗನ್ನು ಬದಿಗಿಟ್ಟು ಭಾಸ್ಕರಣ್ಣ ಅದನ್ನು ಎರಡು ಸಲ ಬೇಯಿಸಿದ್ದರು. ಮೊದಲು ಕಚ್ಚಿದವರು ನಮ್ಮೆಲ್ಲರಿಗೂ ಮಾವನಂತಿದ್ದ ಹಿರಿಯರು ಶೆಣೈ ಮಾಮ್. ಕಟ್ ಎಂದು ಸದ್ದಾಯಿತು. ಬಿಸ್ಕತ್ತು ಹಾಗೇ ಇತ್ತು. ಹಲ್ಲಿನ ಸೆಟ್ಟೇ ಕಿತ್ತು ಬಂತೆಂದು ನನ್ನ ನೆನಪು. ಒಂದೇ ಹಲ್ಲು ಎಂದು ಹೆಂಡತಿ.

“ಭಾಸ್ಕರಾ, ಇದು ತಿನ್ಲಿಕ್ಕಾ, ನೆಲಕ್ಕೆ ಹಾಸ್ಲಿಕ್ಕಾ?” ಎಂದರು ಮಾಮ್.

ಸಭೆಯೆಲ್ಲ ನಕ್ಕಿತು. ಭಾಸ್ಕರಣ್ಣ ನನ್ನತ್ತ ನೋಡಿದರು. ‘ಸಾರ್ ಹೇಳಿದ್ದು’ ಎನ್ನಬಹುದಿತ್ತು, ಎನ್ನಲಿಲ್ಲ. ‘ನಾನು ಹೇಳಿದ್ದು’ ಎಂದು ನಾನೂ ಎನ್ನಲಿಲ್ಲ. ಇದೊಂದರಲ್ಲಿ ನನಗೆ ಅನುಮಾನವಿಲ್ಲ.

ಆಮೇಲೆ ಬೇಕರಿಯತ್ತ ಹೋಗಲು ಮುಖವಿರಲಿಲ್ಲ. ಪ್ರಾಯಶ್ಚಿತ್ತಕ್ಕೆಂದು ಮತ್ತೆ ಓದಿದೆ. ನಮ್ಮಂಥವರಿಗೆ ಬೇರೆ ಏನು ಬರುತ್ತದೆ, ನೀವೇ ಹೇಳಿ. ಸ್ಪೇನಿನಲ್ಲಿ ಅದೇ ಪದಕ್ಕೆ ಮೆತ್ತನೆಯ ಕೇಕು ಎಂದರ್ಥವಂತೆ, ಅಮೆರಿಕದಲ್ಲಿ ಮೆತ್ತನೆಯ ಬನ್ನು. ಪದ ಹೋದಲ್ಲೆಲ್ಲ ಅಲ್ಲಿನ ಕೈ ಹೇಳಿದಂತೆ ಬೆಂದಿತ್ತು. ನಾನು ಶೆಣೈ ಮಾಮ್‌ ಅವರ ಹಲ್ಲಿಗೆ ಅಪಾಯವಾಗುವ ಅರ್ಧವನ್ನಷ್ಟೇ ಹೇಳಿದ್ದೆ.

ನಿನ್ನೆ ಆಚೆ ಬದಿಯಲ್ಲಿ ಸ್ವಲ್ಪ ಹೊತ್ತು ನಿಂತು, ಮತ್ತೆ ಈಚೆಗೆ ದಾಟಿದೆ.

“ಎಂತ ಸಾರ್, ಆಚೆ ಬದಿಯಲ್ಲಿ ಎಂತ ಉಂಟು? ಎರಡು ವರ್ಷದಿಂದ ನೋಡ್ತಾ ಇದ್ದೇನೆ!”

“ಅವತ್ತು ತಪ್ಪು ನಂದು ಅಂತ ನಾನು ಹೇಳ್ಬೇಕಿತ್ತು ಭಾಸ್ಕರಣ್ಣ.”

“ಎಂತ ತಪ್ಪು ಮಾರಾಯ್ರೆ? ಉಳಿದದ್ದನ್ನು ಅಸ್ಕರ್ ಕಡೆ ಫ್ಯಾಕ್ಟರಿ ಕೆಲಸಕ್ಕೆ ಹೋಗುವವರು ತಕೊಂಡ್ರು. ಕರಕ್‌ನಲ್ಲಿ ಅದ್ದಿ ತಿಂದು ಮತ್ತೆ ಬೇಕು ಅಂತ ಬಂದ್ರು. ನಾನು ತೆಳ್ಳಗೆ ಮಾಡಿದೆ, ಉರಿ ಸಣ್ಣ ಮಾಡಿದೆ. ಈಗ ಪ್ರತಿ ಶುಕ್ರವಾರ ಮಾಡ್ತೇನೆ. ನಿಮ್ಮ ಲೆಕ್ಕದಲ್ಲಿ ಪ್ರೊಫೆಸರ್ ಬಿಸ್ಕತ್ತು ಅಂತ ಹೆಸರಿಟ್ಟಿದ್ದೇನೆ, ಹಾಗಂತಲೇ ಕೇಳ್ತಾರೆ.”

ನಾನು ನಂಬಲಿಲ್ಲ. ನನ್ನ ಮನಸ್ಸು ನೋಯದಿರಲೆಂದು ಹೇಳಿದ ಮಾತಿರಬಹುದು. ಹಾಗಾಗಿ ಇಂದು, ಶುಕ್ರವಾರ, ಬೆಳಿಗ್ಗೆಯೇ ಹೋಗಿ ಹಳೆಯ ಸ್ಟೂಲಿನಲ್ಲಿ ಕೂತೆ. ಬಾಯಿ ಮುಚ್ಚಿಕೊಂಡು ಕೂತೆ. ಒಂದು ಟ್ರೇ ಓವನ್ನಿಗೆ ಹೋಯಿತು. ಹೊರಬಂತು, ಆರಿತು, ಮತ್ತೆ ಒಳಗೆ ಹೋಯಿತು.

ಎರಡು ಸಲ. ನಾನೇ ಎಣಿಸಿದೆ.