ರಂಗಧಾಮಯ್ಯನ ನಾಡಿದೋಷ

ನಮ್ಮ ಭಾವ ರಂಗಧಾಮಯ್ಯನವರಿಗೆ ಜ್ಯೋತಿಷ್ಯ ಬರುವುದಿಲ್ಲ, ಕಂಪ್ಯೂಟರೂ ಬರುವುದಿಲ್ಲ. ಬಾರದ ಈ ಎರಡನ್ನೂ ಸೇರಿಸಿ ಮೂವತ್ತು ವರ್ಷ ಸುಖವಾಗಿ ಬದುಕಿದ್ದಾರೆ, ರಾಜಾಜಿನಗರದಲ್ಲಿ ಮನೆಯ ಮೇಲೆ ಮನೆ ಕಟ್ಟಿಸಿದ್ದಾರೆ. ಜ್ಯೋತಿಷಿಗಳು ಸಿಕ್ಕರೆ ಕಂಪ್ಯೂಟರಿನ ಮಾತು ತೆಗೆಯುತ್ತಾರೆ, ಕಂಪ್ಯೂಟರ್ ಬಲ್ಲವರು ಸಿಕ್ಕರೆ ಗ್ರಹಗತಿಯ ಮಾತು ತೆಗೆಯುತ್ತಾರೆ. ನಾನು ಅವರ ಹೆಂಡತಿಯ ತಂಗಿ ಲತಾ, ವಿಜಯನಗರದ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು. ಅವರನ್ನು ಇಷ್ಟು ಹತ್ತಿರದಿಂದ ನೋಡಿಯೂ ಗೌರವ ಹುಟ್ಟದಿದ್ದರೆ ಅದು ನನ್ನ ತಪ್ಪಲ್ಲ.

ಮೊದಲು ಅವರು ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು. ಕಾರ್ಖಾನೆ ಮುಚ್ಚಿತು. ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮಹಡಿಯಲ್ಲಿ ನಡೆಯುತ್ತಿದ್ದ ಕಂಪ್ಯೂಟರ್ ಕ್ಲಾಸಿಗೆ ಕೆಲವು ತಿಂಗಳು ಹೋಗಿ, ಬೇಸಿಕ್ ಎಂಬ ಭಾಷೆಯನ್ನು ಅರ್ಧಂಬರ್ಧ ಕಲಿತು, ಪಂಚಾಂಗದ ಹಿಂದಿನ ಪುಟಗಳಲ್ಲಿರುವ ಸಾಲಾವಳಿಯ ಕೋಷ್ಟಕವನ್ನು ಅದರೊಳಗೆ ತುರುಕಿದರು. ಹುಡುಗ ಹುಡುಗಿಯರ ನಕ್ಷತ್ರ, ರಾಶಿ, ಒಳಪಂಗಡ ಕೊಟ್ಟರೆ ಮೂವತ್ತಾರಕ್ಕೆ ಎಷ್ಟು ಗುಣ ಕೂಡಿತು ಎಂದು ಪ್ರಿಂಟರ್ ಕರಕರ ಎಂದು ಬರೆದು ಕೊಡುತ್ತಿತ್ತು. ಹದಿನೆಂಟಕ್ಕಿಂತ ಕಡಿಮೆ ಬಂದರೆ ಮದುವೆಯ ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಡಾ. ರಾಜ್‌ಕುಮಾರ್ ರಸ್ತೆಯ ಪಕ್ಕದ ಅಡ್ಡರಸ್ತೆಯಲ್ಲಿ ‘ಗಣಕ ಜಾತಕ ಕೇಂದ್ರ’ ಎಂಬ ಬೋರ್ಡು ಬಿತ್ತು. ಭಾವ ಬಿಳಿ ಪಂಚೆ ಉಟ್ಟು, ಹಣೆಗೆ ಗಂಧ ಹಚ್ಚಿ, ಕೀಬೋರ್ಡಿಗೆ ಕೈಮುಗಿದು ಕೂರುವುದನ್ನು ನೋಡಿದರೆ ನನಗೆ ನಗು ತಡೆಯಲು ಆಗುತ್ತಿರಲಿಲ್ಲ. ಬಂದವರಿಗೆ ನಗು ಬರುತ್ತಿರಲಿಲ್ಲ. ಪುರೋಹಿತರು ಬಾಯಲ್ಲಿ ಹೇಳಿದ್ದನ್ನು ಅನುಮಾನಿಸುವ ಜನ, ಅಂಚಿನಲ್ಲಿ ತೂತುಗಳಿರುವ ಕಾಗದದ ಮೇಲೆ ಅಚ್ಚಾಗಿ ಬಂದದ್ದನ್ನು ಕಣ್ಣಿಗೊತ್ತಿಕೊಂಡು ಹೋಗುತ್ತಿದ್ದರು.

ಆಮೇಲೆ ಫೋನುಗಳು ಬಂದವು. ಸಾಲಾವಳಿ ಬೆರಳ ತುದಿಯಲ್ಲಿ ಪುಕ್ಕಟೆ ಸಿಗತೊಡಗಿ ಭಾವನ ಅಂಗಡಿಯಲ್ಲಿ ನೊಣ ಹೊಡೆಯುವ ಹಾಗಾಯಿತು. ಹಳೆಯ ಕಂಪ್ಯೂಟರ್ ಬೇರೆ ಕೈಕೊಡುತ್ತಿತ್ತು. ತಮ್ಮ ಹೆಸರಿನಲ್ಲೂ ಒಂದು ಆ್ಯಪ್ ಬೇಕು ಎಂಬ ಆಸೆ ಹತ್ತಿದಾಗ ಅವರ ಕಣ್ಣು ಮಗಳ ಮೇಲೆ ಬಿತ್ತು.

ಮಗಳು ಕೀರ್ತನಾ ಮಾಡುವ ಕೆಲಸವೇ ಅದು. ಯಾವುದೋ ಕಾಲದಲ್ಲಿ ಯಾರೋ ಬರೆದಿಟ್ಟು ಹೋದ, ಈಗ ಯಾರಿಗೂ ಅರ್ಥವಾಗದ ಪ್ರೋಗ್ರಾಮುಗಳನ್ನು ಎಐ ಕೈಯಲ್ಲಿ ಓದಿಸಿ, ಹೊಸ ಭಾಷೆಗೆ ಇಳಿಸಿಕೊಡುವುದು. ಬ್ಯಾಂಕು, ವಿಮೆ ಕಂಪನಿಗಳ ಹಳೆಯ ಗಂಟುಗಳನ್ನೆಲ್ಲ ಅವಳು ಬಿಡಿಸಿದ್ದಾಳೆ. ಬುದ್ಧಿವಂತೆ. ಅವಳೊಬ್ಬಳು ಆ ಮನೆಯಲ್ಲಿ ಬೇರೆ ಥರ ಎಂದು ನಾನು ನಂಬಿದ್ದೆ.

ಅದೇ ಹೊತ್ತಿಗೆ ಅವಳ ಮದುವೆಯ ಮಾತೂ ಎದ್ದಿತ್ತು. ಹುಡುಗ ಶ್ರೀಶೈಲ ಬಾಗಲಕೋಟೆ ಕಡೆಯವನು, ಬಸವೇಶ್ವರನಗರದ ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿ ಮಾಡುತ್ತಾನೆ, ಆರ್‌ಪಿಸಿ ಲೇಔಟಿನಲ್ಲಿ ಬಾಡಿಗೆಗಿದ್ದಾನೆ. ಅಕ್ಕ ವೆಂಕಟಲಕ್ಷ್ಮಮ್ಮನಿಗೆ ಹುಡುಗ ಹಿಡಿಸಿದ್ದ. ಒಳಪಂಗಡ ಬೇರೆ ಎನ್ನುವುದನ್ನು ಭಾವ ಒಂದು ಸಲವೂ ಬಾಯಿಬಿಟ್ಟು ಆಡಲಿಲ್ಲ. ಅವರು ವಿಶಾಲ ಮನಸ್ಸಿನವರಂತೆ, ಊರಿಗೆಲ್ಲ ಹೇಳಿಕೊಂಡು ಬಂದಿದ್ದರು.

“ನಂದೇನೂ ಅಡ್ಡಿ ಇಲ್ಲಪ್ಪ. ಒಂದ್ಸಲ ಸಾಲಾವಳಿ ನೋಡ್ಬಿಡೋಣ,” ಎಂದರು.

“ಜಾತಕದಾಗ ಏನೈತ್ರೀ ಸರ, ನನ್ನ ನೋಡ್ರಿ,” ಎಂದ ಶ್ರೀಶೈಲ.

ಭಾವ ಅವನನ್ನು ನೋಡಲಿಲ್ಲ, ಜಾತಕ ನೋಡಿದರು. ಮೂವತ್ತಾರಕ್ಕೆ ಹದಿಮೂರು ಬಂತು. ನಾಡಿ ಕೂಟದಲ್ಲಿ ಸೊನ್ನೆ. ನಾಡಿದೋಷ ಎಂದರೆ ಹುಟ್ಟುವ ಮಕ್ಕಳಿಗೆ ಕೇಡು ಎಂದು ನಂಬಿದ ಅಕ್ಕ ಅವತ್ತು ಊಟ ಬಿಟ್ಟಳು. ಗುಣ ಕೂಡದೆ ಈ ಮದುವೆಗೆ ನಾನು ಬರುವುದಿಲ್ಲ ಎಂದುಬಿಟ್ಟಳು. ತಾಯಿಯನ್ನು ಬಿಟ್ಟು ಹಸೆಮಣೆ ಏರಲು ಕೀರ್ತನಾಗೆ ಮನಸ್ಸಿರಲಿಲ್ಲ. ಫೋನಿನಲ್ಲಿ ಇಪ್ಪತ್ತೊಂದು ತೋರಿಸುತ್ತಿದೆಯಲ್ಲ ಎಂದು ನಾನು ಕೇಳಿದ್ದಕ್ಕೆ, “ಪುಕ್ಕಟೆ ಸಿಗೋದನ್ನ ನಂಬ್ಬಾರ್ದು ಲತಾ,” ಎಂದು ಭಾವ ಕಣ್ಣು ಒರೆಸಿಕೊಂಡರು. ಆ ಕಣ್ಣಲ್ಲಿ ನೀರೇ ಇರಲಿಲ್ಲ.

ಇಷ್ಟಾದ ಮೇಲೂ ಆ ಹುಡುಗಿ ಅಪ್ಪನಿಗೆ ಮಾತು ಕೊಟ್ಟಿದ್ದೇನೆಂದು ಆ್ಯಪ್ ಕೆಲಸಕ್ಕೆ ಕೂತಳು. ಒಂದು ಭಾನುವಾರ ಬೆಳಿಗ್ಗೆ ನಾನೂ ಅಲ್ಲೇ ಇದ್ದೆ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಭಾವನ ಹಳೆಯ ಪ್ರೋಗ್ರಾಮನ್ನು ಎಐಗೆ ಕೊಟ್ಟಳು. ಅದು ಕಾಫಿ ಆರುವಷ್ಟರಲ್ಲಿ ಪೂರ್ತಿ ಓದಿ ಮುಗಿಸಿತು. ಭಾವ ಒಂದೇ ಕೆಲಸವನ್ನು ಹತ್ತು ಕಡೆ ಬರೆದಿದ್ದರಂತೆ, ಅರ್ಧ ಭಾಗಕ್ಕೆ ಯಾವ ಉಪಯೋಗವೂ ಇರಲಿಲ್ಲವಂತೆ. ಅದನ್ನು ಅದು ಎಷ್ಟು ಮರ್ಯಾದೆಯಿಂದ ಹೇಳಿತೆಂದರೆ, ಬೈದಿದ್ದರೂ ಅಷ್ಟು ಅವಮಾನವಾಗುತ್ತಿರಲಿಲ್ಲ. ನನಗಂತೂ ಹೊಟ್ಟೆ ತುಂಬಿತು.

“ಇನ್ನೂ ಮುಗ್ದಿಲ್ಲ ಚಿಕ್ಕಮ್ಮ,” ಎಂದಳು ಕೀರ್ತನಾ. “ನಮ್ ಕೆಲಸದಲ್ಲಿ ಮೊದಲನೇ ರೂಲ್ ಇದೆ. ಹಳೇದು ಯಾವ ಉತ್ತರ ಕೊಡ್ತಿತ್ತೋ ಹೊಸದೂ ಅದೇ ಕೊಡ್ಬೇಕು. ಎರಡನ್ನೂ ಓಡಿಸಿ ತಾಳೆ ನೋಡ್ಬೇಕು.”

ಹೊಸದನ್ನು ಪಂಚಾಂಗದ ಕೋಷ್ಟಕದಂತೆ ಬರೆಸಿ, ಹಳೆಯ ಗಿರಾಕಿಗಳ ವಿವರಗಳನ್ನು ಎರಡಕ್ಕೂ ಉಣಿಸಿದಳು. ಬಹಳ ಜೋಡಿಗಳ ಲೆಕ್ಕ ತಾಳೆಯಾಯಿತು, ಕೆಲವು ಆಗಲಿಲ್ಲ. ಆಗದವುಗಳಲ್ಲೆಲ್ಲ ವ್ಯತ್ಯಾಸ ಒಂದೇ, ಎಂಟು ಗುಣ. ನಾಡಿ ಕೂಟಕ್ಕಿರುವುದೂ ಎಂಟೇ. ಯಾಕೆ ಎಂದು ಅವಳು ಕೇಳಿದಳು. ಎಐ ಒಂದು ಸಾಲನ್ನು ಎತ್ತಿ ತೋರಿಸಿ, ಕೆಳಗೆ ಕನ್ನಡದಲ್ಲೇ ಬರೆಯಿತು: ‘ಇಬ್ಬರ ಒಳಪಂಗಡ ಬೇರೆಯಾಗಿದ್ದರೆ ಹಳೆಯ ಪ್ರೋಗ್ರಾಂ ನಾಡಿ ಕೂಟಕ್ಕೆ ಸೊನ್ನೆ ಕೊಡುತ್ತದೆ. ಈ ನಿಯಮ ಪಂಚಾಂಗದ ಕೋಷ್ಟಕದಲ್ಲಿ ಇಲ್ಲ. ಹೊಸದರಲ್ಲಿ ಇಟ್ಟುಕೊಳ್ಳಬೇಕೇ, ತೆಗೆಯಬೇಕೇ?’

ನಾನು ಅದನ್ನು ಎರಡು ಸಲ ಓದಿದೆ. ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟ್ರು ನನ್ನನ್ನು ಮದುವೆಗೆ ಕೇಳಿದ್ದು ಭಾವ ಅಂಗಡಿ ತೆರೆದ ಹೊಸತರಲ್ಲಿ. ಅವರ ಒಳಪಂಗಡ ಬೇರೆ. ನಮಗೂ ನಾಡಿ ಸೊನ್ನೆ ಬಂದಿತ್ತು. ಮನೆಯವರು ಪಂಚಾಂಗ ತೆಗೆದು ನೋಡಿದ್ದರೆ ಸುಳ್ಳು ಅವತ್ತೇ ಗೊತ್ತಾಗುತ್ತಿತ್ತು, ಯಾರೂ ತೆಗೆಯಲಿಲ್ಲ. ಗಣಿತ ಹೇಳಿಕೊಡುವ ನಾನೂ ತೆಗೆಯಲಿಲ್ಲ. ಮೇಷ್ಟ್ರು ವರ್ಗ ಮಾಡಿಸಿಕೊಂಡು ಹೋದರು, ನಾನು ಹೀಗೇ ಉಳಿದೆ.

ಅಷ್ಟರಲ್ಲಿ ಭಾವ ವಾಕಿಂಗ್ ಮುಗಿಸಿ, ಕೈಯಲ್ಲಿ ಸೇವಂತಿಗೆ ಹೂವಿನ ಪೊಟ್ಟಣ ಹಿಡಿದು ಬಂದರು. ಕೀರ್ತನಾ ಪರದೆಯನ್ನು ಅವರ ಕಡೆ ತಿರುಗಿಸಿದಳು. ನಾಚಿಕೆ ಪಡುತ್ತಾರೆಂದು ನಾನು ಕಾದೆ. ಅವರು ಕನ್ನಡಕ ಹಾಕಿಕೊಂಡು ಓದಿ, ಮೆಚ್ಚಿಕೊಂಡವರಂತೆ ತಲೆಯಾಡಿಸಿದರು.

“ಪರವಾಗಿಲ್ವೇ, ಕಂಡುಹಿಡಿದ್ಬಿಡ್ತಲ್ಲ,” ಎಂದರು. “ನೋಡು ಪುಟ್ಟಿ, ಅಪ್ಪ ಅಮ್ಮಂದಿರು ಬೇಡ ಅನ್ನೋಕೇ ಬರ್ತಿದ್ರು. ಬಾಯಲ್ಲಿ ಹೇಳಿದ್ರೆ ಮಕ್ಕಳು ಎದುರು ಮಾತಾಡ್ತಾರೆ, ಮನೆ ಒಡೆಯತ್ತೆ. ಮಿಷಿನ್ ಹೇಳಿದ್ರೆ ಯಾರಿಗೂ ನೋವಿಲ್ಲ. ನಾನು ಎಷ್ಟು ಮನೆ ಉಳಿಸಿದೀನಿ ಗೊತ್ತಾ?”

“ನನ್ ಮನೆ ಉಳಿಸಿದ್ರಾ ಭಾವ?” ಎಂದು ಕೇಳಿದೆ.

“ನೀನು ಸುಮ್ನಿರು ಲತಾ, ಹಳೇದೆಲ್ಲ ಯಾಕೀಗ,” ಎಂದರು. ಅದು ಅವರಿಗೆ ನೆನಪಿತ್ತು. ಮರೆತಿದ್ದಾರೆ ಎಂದುಕೊಂಡಷ್ಟು ದಿನ ನಾನು ಅವರನ್ನು ಬರೀ ದಡ್ಡರೆಂದು ತಿಳಿದಿದ್ದೆ.

ಆಮೇಲೆ ಮಗಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ಅಡುಗೆಮನೆಯಲ್ಲಿದ್ದ ಅಕ್ಕನಿಗೆ ಕೇಳಿಸದ ಹಾಗೆ ದನಿ ತಗ್ಗಿಸಿದರು. “ಆ ಸಾಲು ತೆಗೀಬೇಡ. ಫೋನಲ್ಲಿ ಸಿಗದೇ ಇರೋದು ನಮ್ಮ ಹತ್ರ ಅದೊಂದೇ. ನಿನ್ ವಿಷಯ ಬೇರೆ. ನೀನು ಇಷ್ಟು ಹಟ ಹಿಡಿದಿದೀಯ, ಹುಡುಗನೂ ಒಳ್ಳೆಯವನೇ. ಅವನ ಒಳಪಂಗಡ ನಮ್ಮದೇ ಅಂತ ಹಾಕ್ತೀನಿ, ಇಪ್ಪತ್ತೊಂದು ಬರತ್ತೆ. ಮೊದಲು ನಕ್ಷತ್ರ ತಪ್ಪಾಗಿ ಹೊಡೆದಿದ್ದೆ ಅಂತ ನಿಮ್ಮಮ್ಮಂಗೆ ಹೇಳ್ತೀನಿ. ಅವಳು ಸಂತೋಷವಾಗಿ ಧಾರೆ ಎರೀತಾಳೆ.”

ಇಂಥ ಮನುಷ್ಯನ ಮುಖಕ್ಕೆ ಮಗಳು ಉಗಿಯುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಎದ್ದು ಹೋಗಿ ತಾಯಿಗೆ ನಿಜ ಹೇಳಿದರೂ ಸಾಕಿತ್ತು. ಹಾಗೆ ಹೇಳಿದರೆ ಅಕ್ಕ ಯಾವ ಕಡೆ ವಾಲುತ್ತಾಳೋ ಗ್ಯಾರಂಟಿ ಇರಲಿಲ್ಲ, ಅದು ಕೀರ್ತನಾಗೂ ಗೊತ್ತಿತ್ತು. ಅಪ್ಪ ಹೇಳಿದ ದಾರಿಯಲ್ಲಾದರೆ ಯಾವ ಅನುಮಾನವೂ ಇಲ್ಲ.

ಅವಳು ಬಹಳ ಹೊತ್ತು ಯೋಚಿಸಲೂ ಇಲ್ಲ. “ಪ್ರಿಂಟ್ ಇವತ್ತೇ ತೆಗೀತೀರಾ ಅಪ್ಪ?” ಎಂದು ಕೇಳಿ, ಎಐಯ ಪ್ರಶ್ನೆಯ ಕೆಳಗೆ ‘ಇಟ್ಟುಕೋ’ ಎಂದು ಬರೆದಳು. ಅದು ಸರಿ ಎಂದು ಹೇಳಿ ಆ ಸಾಲನ್ನು ಹೊಸ ಭಾಷೆಯಲ್ಲಿ ಅಚ್ಚುಕಟ್ಟಾಗಿ ಬರೆದಿಟ್ಟಿತು. ಭಾವನ ಕೈಯಲ್ಲಿ ಗೋಜಲಾಗಿ ಬಿದ್ದಿದ್ದ ಮೋಸ ಈಗ ಯಾರು ಬೇಕಾದರೂ ಓದಬಹುದಾದಷ್ಟು ಸ್ವಚ್ಛವಾಯಿತು.

ಭಾವ ಹೂವು ತೆಗೆದುಕೊಂಡು ದೇವರ ಮನೆಗೆ ಹೋದ ಮೇಲೆ ನಾನು ಕೇಳಿದೆ. “ನನ್ನನ್ನ ಮನೇಲಿ ಕೂರಿಸಿದ್ದು ಆ ಸಾಲೇ ಕಣೇ. ನೀನೇ ಅದನ್ನ ಇಟ್ಕೊಂಡ್ಯಲ್ಲ.”

“ಗೊತ್ತು ಚಿಕ್ಕಮ್ಮ,” ಎಂದಳು, ಪರದೆಯಿಂದ ಕಣ್ಣು ತೆಗೆಯದೆ. “ಮದ್ವೆ ಆಗ್ಬಿಡ್ಲಿ, ಆಮೇಲೆ ತೆಗೀತೀನಿ. ಈಗ್ಲೇ ಗಲಾಟೆ ಬೇಡ.”

ಮದುವೆ ನಾಗರಬಾವಿಯ ಛತ್ರದಲ್ಲಿ ಚೆನ್ನಾಗಿ ನಡೆಯಿತು. ಗುಣ ಕೂಡಿದ ಸಂತೋಷಕ್ಕೆ ಅಕ್ಕ ಬಂದವರಿಗೆಲ್ಲ ಆ ಪ್ರಿಂಟ್ ತೋರಿಸಿದಳು. ಭಾವನ ಆ್ಯಪ್ ಕೂಡ ಮೇಲೆದ್ದಿತು. ನಾಡಿದೋಷ ಇಷ್ಟು ಖಚಿತವಾಗಿ ಹಿಡಿಯುವ ಆ್ಯಪ್ ಬೇರೆ ಇಲ್ಲ ಎಂದು ಅದರ ಕೆಳಗೆ ತಂದೆತಾಯಿಗಳು ಹೊಗಳಿ ಬರೆಯುತ್ತಾರೆ. ಅವರಲ್ಲಿ ಎಷ್ಟು ಜನ ನಿಜವಾಗಿ ನಂಬಿದ್ದಾರೋ, ಎಷ್ಟು ಜನಕ್ಕೆ ಅದೇ ಬೇಕಿತ್ತೋ ನನಗೆ ಗೊತ್ತಿಲ್ಲ.

ಮೊನ್ನೆ ಕೀರ್ತನಾ ನಮ್ಮ ಮನೆಗೆ ಬಂದಿದ್ದಳು, ಹೊಟ್ಟೆಯಲ್ಲಿ ಮಗು. ಆ ಸಾಲು ತೆಗೆದೆಯಾ ಎಂದು ಕೇಳಿದೆ. “ಈಗ ತುಂಬಾ ಜನ ಯೂಸ್ ಮಾಡ್ತಿದಾರೆ ಚಿಕ್ಕಮ್ಮ. ಹಳೇ ರಿಸಲ್ಟೇ ಬದಲಾದ್ರೆ ಕಂಪ್ಲೇಂಟ್ ಬರತ್ತೆ,” ಎಂದಳು. ಅವಳ ದನಿ ಥೇಟ್ ಅವರಪ್ಪನದೇ. ಭಾವನನ್ನು ತಾತ್ಸಾರ ಮಾಡಿ ನನಗೆ ಅಭ್ಯಾಸವಾಗಿತ್ತು. ಎತ್ತಿ ಆಡಿಸಿದ ಹುಡುಗಿಯ ಮೇಲೂ ಅದೇ ಬಂದಾಗ ಎದೆ ನೋಯಿತು. ಕಾಫಿ ಮಾಡಿ ಕೊಟ್ಟೆ. ಅವಳು ಕುಡಿದು ಏಳುವ ತನಕ ನಾನು ಒಲೆ ಒರೆಸುತ್ತಾ ನಿಂತೆ.